ಕಾಫಿ ಸೀಮೆಯ ಕಾರ್ಮಿಕ ವಸತಿ: ಲೈನುಮನೆಯಿಂದ ನಿವೇಶನದವರೆಗೆ

ಮೂಡಿಗೆರೆ ಸೀಮೆಯ ಬಡವರ ವಸತಿ ಸಮಸ್ಯೆಯನ್ನು ಮಹಾನಗರದ ಕೊಳೆಗೇರಿಯ ಮಾದರಿಯಲ್ಲಿ ಅರಿಯಲು ಬರುವುದಿಲ್ಲ. ನಗರದಲ್ಲಿ ಕೂಲಿಯವನಿಗೆ ಕೆಲಸ ಕೊಡುವವನು ಬೇರೆ, ಬಾಡಿಗೆಗೆ ಮನೆ ಕೊಡುವವನು ಬೇರೆ. ಕಾಫಿ ತೋಟದಲ್ಲಿ ಇವೆರಡೂ ಒಬ್ಬನೇ ಮಾಲೀಕನ ಕೈಯಲ್ಲಿರುತ್ತವೆ. ಕೆಲಸ ಬಿಟ್ಟ ದಿನವೇ ಮನೆಯನ್ನೂ ಬಿಡಬೇಕಾಗುತ್ತದೆ ಎಂಬುದೇ ಇಲ್ಲಿನ ವಸತಿ ಪ್ರಶ್ನೆಯ ತಿರುಳು.

ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ಪ್ಲಾಂಟರುಗಳು ಈ ಬೆಟ್ಟಗಳಲ್ಲಿ ತೋಟಗಳನ್ನು ವಿಸ್ತರಿಸಿದಾಗ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತಮಿಳು ನಾಡಿನಿಂದಲೂ ಕೂಲಿಗಳು ಬಂದರು. ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಇವರಿಗಾಗಿ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳೇ ‘ಲೈನು’ಗಳು. ಪಕ್ಕದ ಸಂಸಾರಕ್ಕೂ ತಮಗೂ ನಡುವೆ ಒಂದೇ ಗೋಡೆ, ಮುಂದೊಂದು ಕಿರಿದಾದ ಜಗಲಿ, ಒಳಗೇ ಒಲೆ. ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡಿನಲ್ಲಿ ಇಂತಹ ಗೋಡೆಗಳ ಆಯುಸ್ಸು ಎಷ್ಟೆಂಬುದನ್ನು ಬೇರೆ ಹೇಳಬೇಕಿಲ್ಲ. ಇತ್ತೀಚಿನ ದಶಕಗಳಲ್ಲಿ ಇವೇ ಲೈನುಗಳಿಗೆ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಸೇರಿಕೊಂಡಿದ್ದಾರೆ.

1951ರ ತೋಟ ಕಾರ್ಮಿಕರ ಅಧಿನಿಯಮವು ತೋಟದಲ್ಲಿ ವಾಸಿಸುವ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಮನೆ ಒದಗಿಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತು. 1981ರ ತಿದ್ದುಪಡಿಯಿಂದ ಐದು ಹೆಕ್ಟೇರು ವಿಸ್ತೀರ್ಣ ಹಾಗೂ ಹದಿನೈದು ಕಾರ್ಮಿಕರುಳ್ಳ ತೋಟಗಳೂ ಅದರ ವ್ಯಾಪ್ತಿಗೆ ಬಂದವು. ಆದರೆ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಐದು ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ ದುಡಿಯುವವರಿಗೆ ಈ ರಕ್ಷಣೆ ದೊರೆಯಲಿಲ್ಲ. ಮನೆ ಕುಸಿದು ಸಾವುನೋವಾದರೆ ಮಾಲೀಕನೇ ಪರಿಹಾರ ಕೊಡಬೇಕೆಂದು ಅದೇ ತಿದ್ದುಪಡಿ ವಿಧಿಸಿತಾದರೂ ಪ್ರಕೃತಿ ವಿಕೋಪದಿಂದಾದ ಕುಸಿತವನ್ನು ಹೊರಗಿಟ್ಟಿತು. ಮಲೆನಾಡಿನಲ್ಲಿ ಮನೆಗಳು ಕುಸಿಯುವುದು ಸಾಮಾನ್ಯವಾಗಿ ಮಳೆಗಾಲದಲ್ಲೇ ಎಂಬುದನ್ನು ನೆನೆದರೆ ಈ ವಿನಾಯಿತಿಯ ತೂಕ ತಿಳಿಯುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಹಳೆಯ ಅಧಿನಿಯಮದ ಸ್ಥಾನವನ್ನು ಪಡೆದಿದೆ. ವಸತಿಯ ಹೊಣೆ ಅದರಲ್ಲಿಯೂ ಉಳಿದಿದೆ.

ಇವೆಲ್ಲ ವಾಸದ ಹಕ್ಕಿನ ಮಾತಾಯಿತು. ಒಡೆತನದ ಸಂಗತಿ ಬೇರೆಯೇ. ಕರ್ನಾಟಕ ಭೂಸುಧಾರಣಾ ಅಧಿನಿಯಮದ 38ನೆಯ ಪ್ರಕರಣವು ಪರರ ಜಮೀನಿನಲ್ಲಿ ವಾಸವಾಗಿದ್ದ ಕೃಷಿ ಕಾರ್ಮಿಕನನ್ನು ಆ ಮನೆಗೆ ಒಡೆಯನನ್ನಾಗಿ ಮಾಡಿತು. ಆದರೆ ಅದೇ ಅಧಿನಿಯಮದ 104ನೆಯ ಪ್ರಕರಣವು ಕಾಫಿ, ಏಲಕ್ಕಿ, ಮೆಣಸು ಮುಂತಾದ ತೋಟಗಳಿಗೆ ಆ ಉಪಬಂಧವು ಅನ್ವಯಿಸುವುದಿಲ್ಲವೆಂದು ಹೇಳುತ್ತದೆ. ಬಯಲುಸೀಮೆಯ ಜೀತದಾಳಿಗೆ ದಕ್ಕಿದ ಗುಡಿಸಲಿನ ಹಕ್ಕು ತೋಟದ ಲೈನಿನವನಿಗೆ ದಕ್ಕದೆ ಹೋದದ್ದು ಹೀಗೆ.

ಈ ಕೊರತೆಯನ್ನು ತುಂಬಬೇಕಾದುದು ಸರ್ಕಾರಿ ಯೋಜನೆಗಳು. 1991–92ರ ಆಶ್ರಯ ಯೋಜನೆ, 2000ದಲ್ಲಿ ಸ್ಥಾಪನೆಗೊಂಡ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2016ರಿಂದ ನಡೆದ ಗ್ರಾಮೀಣ ಪ್ರಧಾನ ಮಂತ್ರಿ ಆವಾಸ್ ಯೋಜನೆ ಇವೆಲ್ಲ ಮನೆ ಕಟ್ಟಲು ಸಹಾಯಧನ ನೀಡಿವೆ. ಕಟ್ಟುವುದಕ್ಕೆ ಮೊದಲು ನೆಲ ಬೇಕು. ಗ್ರಾಮಸಭೆಯಲ್ಲಿ ಫಲಾನುಭವಿಯಾಗಿ ಆಯ್ಕೆಗೊಂಡರೂ ಲೈನಿನ ಕಾರ್ಮಿಕನಲ್ಲಿ ತನ್ನ ಹೆಸರಿನ ನಿವೇಶನವಿರುವುದಿಲ್ಲ. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಅಧಿನಿಯಮದ 94ಸಿ, ಪಟ್ಟಣಗಳಲ್ಲಿ 94ಸಿಸಿ ಪ್ರಕರಣದಡಿ ಹಕ್ಕುಪತ್ರ ಪಡೆಯುವ ದಾರಿಯಿದೆ. ಆ ಜಾಗವು ಅರಣ್ಯವೆಂದು ದಾಖಲಾಗಿದ್ದರೆ ಆ ದಾರಿಯೂ ಮುಚ್ಚಿದಂತೆಯೇ. ಮೂಡಿಗೆರೆ, ಕಳಸ ಭಾಗಗಳಲ್ಲಿ ಅರಣ್ಯ, ಕಂದಾಯ ಇಲಾಖೆಗಳ ದಾಖಲೆಗಳು ತಾಳೆಯಾಗದಿರುವುದು ಹಳೆಯ ತೊಡಕು.

2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿಯಿತು. ಪೂರ್ಣ ನಾಶವಾದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣಕ್ಕಿಂತ ಕಷ್ಟವಾದದ್ದು ಜರಿಯದ, ತಕರಾರಿಲ್ಲದ ನೆಲವನ್ನು ಹುಡುಕುವುದು.

2022ರಲ್ಲಿ ಭೂಕಂದಾಯ ಅಧಿನಿಯಮಕ್ಕೆ ತಂದ ತಿದ್ದುಪಡಿಯು ಸರ್ಕಾರಿ ಭೂಮಿಯಲ್ಲಿ ಅನಧಿಕೃತವಾಗಿ ತೋಟ ಮಾಡಿದವರಿಗೆ ಗರಿಷ್ಠ 25 ಎಕರೆಯನ್ನು 30 ವರ್ಷಗಳ ಗುತ್ತಿಗೆಗೆ ಕೊಡಲು ಅವಕಾಶ ಕಲ್ಪಿಸಿತು. ಅದೇ ತೋಟಗಳಲ್ಲಿ ದುಡಿಯುವವರು ಗ್ರಾಮ ಪಂಚಾಯಿತಿಯ ಮುಂದೆ ಬೇಡುತ್ತಿರುವುದು ಮೂವತ್ತು ನಲವತ್ತಡಿಯ ನಿವೇಶನವನ್ನು.