ಪ್ರಶ್ನಾವಳಿ ಎಡವಿದಲ್ಲಿ ಅಂಕಿ-ಅಂಶವೂ ಎಡವುತ್ತದೆ

ಸರ್ಕಾರದ ಯೋಜನೆಯಾಗಲಿ, ಬ್ಯಾಂಕಿನ ಸಾಲನೀತಿಯಾಗಲಿ, ವಾಣಿಜ್ಯ ಸಂಸ್ಥೆಗಳು ಸಲ್ಲಿಸುವ ಮನವಿಯಾಗಲಿ ಸಮೀಕ್ಷೆಯ ಅಂಕಿ-ಅಂಶಗಳನ್ನು ಆಧರಿಸಿರುತ್ತವೆ. ಆದರೆ ಆ ಅಂಕಿಗಳು ಹುಟ್ಟುವ ಪ್ರಶ್ನಾವಳಿಯ ಕಡೆಗೆ ವ್ಯಾಪಾರಸ್ಥರ ಗಮನ ಹರಿಯುವುದು ಕಡಿಮೆ.

ಕೇಳುವ ವಿಧಾನ ಬದಲಾದರೆ ದೇಶದ ಲೆಕ್ಕವೇ ಗೊಂದಲಕ್ಕೀಡಾಗಬಲ್ಲದು ಎಂಬುದಕ್ಕೆ 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೇ ಸುತ್ತು ಸಾಕ್ಷಿ. ಆಹಾರದ ವೆಚ್ಚವನ್ನು ಹಿಂದಿನ 30 ದಿನಗಳಿಗೆ ಕೇಳುವುದು ಬಹುಕಾಲದ ವಾಡಿಕೆ. ಆ ಸುತ್ತಿನಲ್ಲಿ ಅದೇ ಕುಟುಂಬವನ್ನು, ಅದೇ ಹಾಳೆಯಲ್ಲಿ, 7 ದಿನಗಳ ವೆಚ್ಚವನ್ನೂ ಕೇಳಲಾಯಿತು. ಅಕ್ಕಪಕ್ಕದ ಎರಡು ಉತ್ತರಗಳು ಪರಸ್ಪರ ಹೊಂದಿಕೊಂಡುಬಿಟ್ಟವು ಎಂಬ ಶಂಕೆ ಎದ್ದಿತು. 1993-94ರಲ್ಲಿ ಶೇ. 36ರಷ್ಟಿದ್ದ ಬಡತನ ಶೇ. 26ಕ್ಕೆ ಇಳಿಯಿತೆಂಬ ಅಧಿಕೃತ ಲೆಕ್ಕದಲ್ಲಿ ನಿಜವೆಷ್ಟು, ಪ್ರಶ್ನಾವಳಿಯ ಪಾಲೆಷ್ಟು ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು.

ಕಲಬುರಗಿಯ ದಾಲ್ ಮಿಲ್ಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ. "ನಿಮ್ಮಲ್ಲಿ ಎಷ್ಟು ಕಾರ್ಮಿಕರಿದ್ದಾರೆ?" ಎಂಬ ಪ್ರಶ್ನೆಗೆ ಹೊಸ ತೊಗರಿ ಬರುವ ಜನವರಿಯಲ್ಲಿ ಒಂದು ಉತ್ತರ, ಆವಕ ತಗ್ಗಿದ ಆಗಸ್ಟಿನಲ್ಲಿ ಇನ್ನೊಂದು. ಎರಡೂ ಸತ್ಯವೇ. ಯಂತ್ರದ ಸಾಮರ್ಥ್ಯವನ್ನಷ್ಟೇ ಕೇಳಿ, ಅದು ವರ್ಷದಲ್ಲಿ ಎಷ್ಟು ದಿನ ಓಡಿತೆಂದು ಕೇಳದಿದ್ದರೆ, ಬಾಗಿಲು ಮುಚ್ಚಿದ ಮಿಲ್ಲೂ ಕಾಗದದ ಮೇಲೆ ಭರ್ಜರಿಯಾಗಿ ನಡೆಯುತ್ತಿರುತ್ತದೆ. "ಎಷ್ಟು ಚೀಲ?" ಎಂದರೆ ಒಬ್ಬರ ಚೀಲ 50 ಕಿಲೋ, ಮತ್ತೊಬ್ಬರದು 100 ಕಿಲೋ ಆಗಿರಬಹುದು. ಕ್ವಿಂಟಾಲಿನಲ್ಲಿಯೇ ಕೇಳುವುದು ಲೇಸು.

ಕಮಲಾಪುರದ ಕೆಂಪು ಬಾಳೆಯದು ಇನ್ನೂ ಸೂಕ್ಷ್ಮ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಬೆಳೆ ಕೈಗೆ ಬರಲು ಸುಮಾರು 18 ತಿಂಗಳು ಬೇಕು. ಇಂಥ ಬೆಳೆಗಾರನನ್ನು "ಕಳೆದ ವರ್ಷದ ಲಾಭವೆಷ್ಟು?" ಎಂದು ಕೇಳಿದರೆ, ಖರ್ಚು ಒಂದು ವರ್ಷಕ್ಕೆ, ಆದಾಯ ಮತ್ತೊಂದು ವರ್ಷಕ್ಕೆ ಬಿದ್ದು, ನಷ್ಟವೇ ಇಲ್ಲದವನೂ ನಷ್ಟದಲ್ಲಿರುವಂತೆ ಕಂಡಾನು. ನಾಟಿಯಿಂದ ಕಟಾವಿನವರೆಗಿನ ಒಟ್ಟು ಲೆಕ್ಕ ಕೇಳಬೇಕು.

ಮುಖಾಮುಖಿ ಸಂದರ್ಶನದಲ್ಲಿ ತೊಡಕು ಬೇರೆ. ಗಿರಾಕಿಗಳ ಎದುರಿನಲ್ಲಿ, ಪಕ್ಕದಂಗಡಿಯವರು ಕಿವಿಗೊಟ್ಟಿರುವಾಗ ವಹಿವಾಟಿನ ಮೊತ್ತ ಕೇಳಿದರೆ ಯಾವ ವರ್ತಕನೂ ಸರಿಯಾಗಿ ಹೇಳಲಾರ. ಮಧ್ಯಾಹ್ನದ ಬಿಡುವಿನಲ್ಲಿ, ಕನ್ನಡವೋ ಉರ್ದುವೋ ಆತನಿಗೆ ಸಲೀಸಾದ ಭಾಷೆಯಲ್ಲಿ, ಸುಲಭದ ಪ್ರಶ್ನೆಗಳಿಂದ ಆರಂಭಿಸಿ ಹಣದ ವಿಷಯವನ್ನು ಕೊನೆಗೆ ಇರಿಸಿಕೊಳ್ಳುವುದು ಕ್ಷೇಮ. ತೆರಿಗೆಯ ಭಯವಂತೂ ಇದ್ದೇ ಇದೆ. 2008ರ ಅಂಕಿ-ಅಂಶ ಸಂಗ್ರಹಣಾ ಕಾಯ್ದೆಯ ಪ್ರಕಾರ, ಅದರಡಿ ಪಡೆದ ಮಾಹಿತಿಯನ್ನು ಸಾಂಖ್ಯಿಕ ಉದ್ದೇಶಕ್ಕೆ ಮಾತ್ರ ಬಳಸತಕ್ಕದ್ದು. ಖಾಸಗಿ ಸಂಘವೊಂದು ತಾನೇ ಸಮೀಕ್ಷೆ ನಡೆಸುವಾಗ ಆ ರಕ್ಷಣೆಯ ಮಾತನ್ನು ತಾನೇ ಕೊಟ್ಟು, ತಾನೇ ಉಳಿಸಿಕೊಳ್ಳಬೇಕಾಗುತ್ತದೆ. ಹಾಳೆಯ ಮೇಲೆ ಅಂಗಡಿಯ ಹೆಸರಿನ ಬದಲು ಕ್ರಮಸಂಖ್ಯೆ ಬರೆಯುವುದು ಒಂದು ಸರಳೋಪಾಯ.

ಬಂಗಾಳದ ಸೆಣಬಿನ ವಿಸ್ತೀರ್ಣವನ್ನು ಅಂದಾಜಿಸಲು ಪಿ. ಸಿ. ಮಹಾಲನೋಬಿಸ್ ಅವರು 1937ರಲ್ಲಿ ಮೊದಲು ಸಣ್ಣ ಪ್ರಮಾಣದ ಪ್ರಾಯೋಗಿಕ ಸಮೀಕ್ಷೆ ಕೈಗೊಂಡು, ನಂತರ ವರ್ಷದಿಂದ ವರ್ಷಕ್ಕೆ ವಿಸ್ತರಿಸಿದರು. ಜಿಲ್ಲೆಯಾದ್ಯಂತ ಪ್ರಶ್ನಾವಳಿ ಹಂಚುವ ಮುನ್ನ ನಗರದ ಜೇವರ್ಗಿ ಕಾಲೋನಿಯ ಹತ್ತು ಅಂಗಡಿಗಳಲ್ಲಿ ಅದನ್ನು ಪರೀಕ್ಷಿಸಲು ಎರಡು ದಿನ ಸಾಕು. ಹತ್ತರಲ್ಲಿ ಮೂವರು "ಯಾವ ಚೀಲ?" ಎಂದು ಮರುಪ್ರಶ್ನೆ ಹಾಕಿದರೆ, ಹಾಳೆಯನ್ನು ತಿದ್ದಿ ಮತ್ತೆ ಅಚ್ಚು ಮಾಡಿಸುವ ಖರ್ಚು ದೊಡ್ಡದೇನಲ್ಲ.