ಮೂರನೆಯ ಸಾಲಿನ ಉಸಿರು

ನಾಯಕನಟನಿಗೆ ವಯಸ್ಸಾಯಿತೆಂದು ಮೊದಲು ತಿಳಿಯುವುದು ಪೇಟಿ ಮಾಸ್ತರನಿಗೆ. ಮುಖದ ಸುಕ್ಕನ್ನು ಬಣ್ಣ ಮುಚ್ಚುತ್ತದೆ, ನರೆಯನ್ನು ಟೋಪನ್ ಮುಚ್ಚುತ್ತದೆ. ಗಂಟಲಿಗೆ ಹಚ್ಚುವ ಬಣ್ಣ ಮಾತ್ರ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ನಾನು ಇಳಕಲ್ಲಿನವನು. ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದೆ. ಸೇರಿದ ಹೊಸತರಲ್ಲಿ ನಮ್ಮ ನಾಯಕರು ಪೇಟಿಯ ಕರಿ ಎರಡರ ಶ್ರುತಿಯಲ್ಲಿ ಹಾಡುತ್ತಿದ್ದರು. ತಾರಕಕ್ಕೆ ಹೋದರೆ ಗೇಟಿನ ಹೊರಗಿನ ಚಹಾದಂಗಡಿಗೂ ಕೇಳಬೇಕು. ಹುನಗುಂದದ ಕ್ಯಾಂಪಿನಲ್ಲಿ ಒಂದು ರಾತ್ರಿ, ಪರದೆ ಏಳುವ ಮುಂಚೆ, ಪಕ್ಕಕ್ಕೆ ಬಂದು ಬಗ್ಗಿದರು: “ಮಾಸ್ತರ್ರ, ಇವತ್ತೊಂದಿನ ಒಂದ್ ಮನಿ ಇಳಸ್ರಿ.” ಬಿಳಿ ಎರಡಕ್ಕೆ ಇಳಿಸಿದೆ. ಆ ಒಂದು ದಿನ ಮುಗಿಯಲೇ ಇಲ್ಲ. ಕೆಲವು ವರ್ಷಗಳಲ್ಲಿ ಕರಿ ಒಂದಕ್ಕೆ ಬಂದು ನಿಂತೆವು. ಸಪ್ತಕದ ಹನ್ನೆರಡು ಮನೆಗಳಲ್ಲಿ ಎರಡು ಕೆಳಗೆ. ಜನಕ್ಕೆ ಗೊತ್ತಾಗಲಿಲ್ಲ.

ಗಂಟಲಿನಲ್ಲಿ ಆಗುವುದಿಷ್ಟು. ದನಿಪೆಟ್ಟಿಗೆಯ ಮೆತ್ತನೆಯ ಎಲುಬು ವಯಸ್ಸಾದಂತೆ ಗಟ್ಟಿಯಾಗುತ್ತದೆ. ದನಿಯ ತಂತುಗಳು ಸೊರಗಿ, ಪೂರ್ತಿ ಕೂಡಿಕೊಳ್ಳದೆ, ನಡುವಿನ ಸಂದಿಯಿಂದ ಗಾಳಿ ಸೋರುತ್ತದೆ. ಎದೆಯಲ್ಲಿ ಹಿಡಿಯುವ ಗಾಳಿಯೂ ಕಡಿಮೆ. ಹೆಂಗಸರ ಮಾತಿನ ದನಿ ಸಾಮಾನ್ಯವಾಗಿ ದಪ್ಪವಾಗುತ್ತದೆ, ಗಂಡಸರದು ತೆಳುವಾಗುತ್ತದೆ. ಮೇಲಿನ ಸ್ವರಗಳು ಇಬ್ಬರಿಗೂ ಕೈಕೊಡುತ್ತವೆ. ಇದರ ಮೇಲೆ ಕಂಪನಿಯ ಬಾಳು: ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ, ಬನದ ಹುಣ್ಣಿಮೆಯ ಚಳಿಯಲ್ಲಿ, ಧೂಳಿನಲ್ಲಿ, ಒಂದೇ ರಾತ್ರಿ ಆಟದ ಮೇಲೆ ಆಟ, ಬೆಳಗಾಗುವ ತನಕ.

ಗಂಟಲು ಬದಲಾದರೆ ಪಾತ್ರವನ್ನೂ ಬದಲಿಸಬೇಕು. ರಂಗನಟ ಏಣಗಿ ಬಾಳಪ್ಪನವರು (1914–2017) ಹುಡುಗನಾಗಿದ್ದಾಗ ಹೆಣ್ಣು ಪಾತ್ರ ಮಾಡಿದರು, ದನಿ ಒಡೆದು ಬಲಿತ ಮೇಲೆ ಬಸವಣ್ಣನಾದರು. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಯಿತು. ಕಳೆದುಹೋದ ಮೆಲುದನಿಗೆ ಅವರು ಹಲುಬಲಿಲ್ಲ. ಆ ಗಡಸಿನಿಂದಲೇ ಲೋಕ ಅವರನ್ನು ಗುರುತಿಸಿತು.

ಆಳು ಬದಲಾದಾಗಲೋ? ಹುಬ್ಬಳ್ಳಿಯಲ್ಲಿ ಗಿಟಾರ್ ಬಾರಿಸುವ ಮೊಮ್ಮಗ ಒಂದು ಕಥೆ ಹೇಳಿದ. ಎಸಿ/ಡಿಸಿ ಎಂಬ ರಾಕ್ ತಂಡದ ಗಾಯಕ ಬಾನ್ ಸ್ಕಾಟ್ 1980ರಲ್ಲಿ ತೀರಿಕೊಂಡ. ಬ್ರಯಾನ್ ಜಾನ್ಸನ್ ಎಂಬವನು ಬಂದು, ಸತ್ತವನ ಅಣಕು ಮಾಡದೆ ತನ್ನ ದನಿಯಲ್ಲೇ ಕೂಗಿದ. ಅದೇ ವರ್ಷ ಬಂದ ‘ಬ್ಯಾಕ್ ಇನ್ ಬ್ಲ್ಯಾಕ್’ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದು. 2016ರಲ್ಲಿ ಜಾನ್ಸನ್‌ಗೂ ಕಿವಿ ಕೈಕೊಟ್ಟಿತು. ಉಳಿದ ಕಾರ್ಯಕ್ರಮಗಳಿಗೆ ಬೇರೆ ತಂಡದ ಆಕ್ಸಲ್ ರೋಸ್ ಬಂದು ಹಾಡಿದ. “ನಮ್ಮ ಕಂಪನಿ ಕಥೀನ ಅದು” ಅಂದೆ.

ನಮ್ಮ ಸೀಮೆಗೆ ತಾಗಿದ ಕಥೆಯೂ ಒಂದಿದೆ. ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ಸಿನಿಮಾ ಆಯಿತು. ಅದರ ನಾಯಕ ರಾಜಕುಮಾರರಿಗೆ ಅದುವರೆಗೆ ಹಾಡಿನ ದನಿ ಎಂದರೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್. ಈ ಚಿತ್ರದಲ್ಲಿ ನಲವತ್ತೈದರ ರಾಜ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದರು. ಶ್ರೀನಿವಾಸರ ರೇಶಿಮೆಯನ್ನು ಅನುಕರಿಸಲು ಹೋಗಲಿಲ್ಲ. ಗುಬ್ಬಿ ಕಂಪನಿಯಲ್ಲಿ ಪಳಗಿದ ಕಂಠವನ್ನೇ ಬಿಚ್ಚಿದರು. ಜನ ಒಪ್ಪಿದರು.

ನಮ್ಮ ಕಂಪನಿಯಲ್ಲಿ ನಾಯಕರು ಹಾಸಿಗೆ ಹಿಡಿದಾಗ ಗುಳೇದಗುಡ್ಡದ ಹುಡುಗನೊಬ್ಬ ಬಂದ. ಅವನ ಗಂಟಲು ಕರಿ ಎರಡಕ್ಕೆ ಸಲೀಸಾಗಿ ನಿಲ್ಲುತ್ತಿತ್ತು. ಆದರೂ ಕರಿ ಒಂದೇ ಬೇಕೆಂದ. ನಾಯಕರ ಹಾಡಿನ ಮೂರನೆಯ ಸಾಲಿನ ನಡುವೆ ತಡೆದು, ಎದೆಯ ಮೇಲೆ ಕೈಯಿಟ್ಟು, ಉಸಿರೆಳೆದು ಮುಂದುವರಿಸಿದ.

“ಅಲ್ಲ್ಯಾಕ ನಿಂತಿ?”

“ಅದು ಅವರ ಸ್ಟೈಲ್ ಅಲ್ರಿ, ಮಾಸ್ತರ್ರ?”

“ಸ್ಟೈಲ್ ಅಲ್ಲೋ ತಮ್ಮಾ. ಅವರಿಗೆ ದಮ್ ಸಾಲ್ತಿರಲಿಲ್ಲ.”

ಹುಡುಗ ಕಲಿತದ್ದು ನಾಯಕರ ಹಾಡನ್ನಲ್ಲ, ಅವರ ಮುಪ್ಪನ್ನು. ಮರುದಿನ ಕೇಳದೆಯೇ ಕರಿ ಎರಡು ಹಿಡಿದೆ. ಮೊದಲ ಕ್ಯಾಂಪಿನಲ್ಲಿ ಜನ ಹಳೆಯ ಹೆಸರು ಕೂಗಿದರು. ಬಾಗಲಕೋಟೆಯಲ್ಲಿ ಮಾತ್ರ ಒಬ್ಬ ಮುದುಕ ಆಟ ಮುಗಿದ ಮೇಲೆ ಒಳಗೆ ಬಂದು, “ಭಾಳ ವರ್ಷದ ಹಿಂದ ಈ ಹಾಡು ಹಿಂಗ ಕೇಳಿದ್ದೆ” ಎಂದ. ಎರಡು ಮನೆ ಇಳಿದದ್ದು ಯಾರಿಗೂ ತಿಳಿದಿಲ್ಲ ಎಂದುಕೊಂಡಿದ್ದೆನಲ್ಲ, ಆ ಮುದುಕನ ಕಿವಿಗೆ ತಿಳಿದಿತ್ತು.

ಶ್ರುತಿ ಏರಿಸಿದೆ, ಆ ಉಸಿರನ್ನು ಬಿಡಿಸಲಾಗಲಿಲ್ಲ. ಅಲ್ಲಿಗೆ ಬಂದಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ಹುಡುಗ ಬಿಟ್ಟರೂ ಅವರು ಬಿಡಬೇಕಲ್ಲ.

ಬೆರಳು ಸೆಟೆದುಕೊಂಡ ಮೇಲೆ ನಾನೂ ಕಂಪನಿ ಬಿಟ್ಟೆ. ಈಗ ಅಲ್ಲಿ ಕೀಬೋರ್ಡ್ ಇದೆ. ಗುಂಡಿ ಒತ್ತಿದರೆ ಶ್ರುತಿ ಇಳಿಯುತ್ತದೆ. ಈಚೆಗೊಮ್ಮೆ ಬನಶಂಕರಿಗೆ ಹೋದಾಗ ಟಿಕೀಟು ತೆಗೆಸಿ ಹಿಂದೆ ಕೂತೆ. ಹುಡುಗನ ಕಪಾಳ ತುಂಬಿತ್ತು, ಹೊಟ್ಟೆ ಮುಂದೆ ಬಂದಿತ್ತು. ಮೂರನೆಯ ಸಾಲಿನಲ್ಲಿ ತಡೆದ, ಎದೆಯ ಮೇಲೆ ಕೈಯಿಟ್ಟ, ಉಸಿರೆಳೆದ. ಚಪ್ಪಾಳೆ. ಅದು ಇನ್ನೂ ಸ್ಟೈಲೋ, ಅವನಿಗೂ ದಮ್ಮು ಸಾಲುತ್ತಿಲ್ಲವೋ, ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ಕೀಬೋರ್ಡಿನ ಮುಂದೆ ಕೂತವನಿಗೆ ಗೊತ್ತಿರಬೇಕು.