ಹಲ್ಲಿನ ಬೇರಿಗೊಂದು ಹಂದರ

ಎಂಟು ಒಂಬತ್ತು ವರ್ಷದ ಮಕ್ಕಳು ಆಟದಲ್ಲಿ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟು ಮಾಡಿಕೊಳ್ಳುವುದು ಸಾಮಾನ್ಯ. ನೋವು ಶಮನವಾದೊಡನೆ ಹಿರಿಯರು ಅದನ್ನು ಮರೆಯುತ್ತಾರೆ. ಕೆಲವು ತಿಂಗಳ ನಂತರ ಹಲ್ಲು ಕಪ್ಪಾಗಿ, ವಸಡಿನಲ್ಲಿ ಕೀವಿನ ಗುಳ್ಳೆ ಕಂಡಾಗ ನಮ್ಮಂಥವರಲ್ಲಿ ಕಷಾಯ ಕೇಳಲು ಬರುತ್ತಾರೆ. ಗಂಡೂಷ, ಕವಲಗಳು ಬಾಯಿಯ ಸ್ವಾಸ್ಥ್ಯಕ್ಕೆ ಹಿತಕರವೇ. ಆದರೆ ಸತ್ತುಹೋದ ಹಲ್ಲಿನ ತಿರುಳನ್ನು ಅವು ಬದುಕಿಸಲಾರವು. ಆಯುರ್ವೇದ ವೈದ್ಯನಾಗಿ ಇದನ್ನು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ.

ಶಾಶ್ವತ ಹಲ್ಲು ಬಾಯಿಯಲ್ಲಿ ಮೂಡಿದ ಮೇಲೆ ಅದರ ಬೇರು ಪೂರ್ಣಗೊಳ್ಳಲು ಇನ್ನೂ ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ತಿರುಳು ಸತ್ತರೆ ಬೇರಿನ ಗೋಡೆ ತೆಳುವಾಗಿಯೇ ಉಳಿದು, ತುದಿ ತೆರೆದಿರುತ್ತದೆ. ವಾಡಿಕೆಯ ರೂಟ್ ಕೆನಾಲ್ ಚಿಕಿತ್ಸೆ ಅಲ್ಲಿ ಕಷ್ಟ. ಔಷಧೀಯ ಸಿಮೆಂಟಿನಿಂದ ತುದಿಯನ್ನು ಮುಚ್ಚಬಹುದಾದರೂ ಗೋಡೆ ದಪ್ಪವಾಗದು. ಹಲ್ಲು ಮುರಿಯುವ ಭಯ ಉಳಿಯುತ್ತದೆ.

ಇಂತಹ ಹಲ್ಲಿಗಾಗಿಯೇ ಪುನರುಜ್ಜೀವನ ಚಿಕಿತ್ಸೆ ರೂಪುಗೊಂಡಿದೆ. 2001 ಮತ್ತು 2004ರಲ್ಲಿ ಪ್ರಕಟವಾದ ವರದಿಗಳ ಬಳಿಕ ಇದು ಪ್ರಚಾರಕ್ಕೆ ಬಂದಿತು. ಬೇರಿನ ತುದಿಯಾಚೆ ಜೀವಂತ ಮೂಲಕೋಶಗಳಿರುತ್ತವೆ. ಬಳ್ಳಿ ಹಬ್ಬಲು ಹಂದರ ಬೇಕಾಗುವಂತೆ, ಅವು ಖಾಲಿ ನಾಳದೊಳಗೆ ನೆಲೆಯೂರಲು ಆಸರೆಯೊಂದು ಬೇಕು.

ಮೊದಲು ನಾಳವನ್ನು ತೊಳೆದು, ಔಷಧವಿಟ್ಟು ಕೆಲವು ವಾರ ಸೋಂಕನ್ನು ನಿವಾರಿಸುತ್ತಾರೆ. ಸೋಂಕು ಉಳಿದರೆ ಯಾವ ಹಂದರವೂ ಫಲಿಸದು. ನಂತರ ಸೂಕ್ಷ್ಮ ಉಪಕರಣದಿಂದ ತುದಿಯಾಚೆ ಚುಚ್ಚಿ ನಾಳದಲ್ಲಿ ರಕ್ತ ತುಂಬುವಂತೆ ಮಾಡುತ್ತಾರೆ. ಹೆಪ್ಪುಗಟ್ಟಿದ ಆ ರಕ್ತವೇ ಅತ್ಯಂತ ಸರಳ ಹಂದರ. ರಕ್ತ ಸಾಲದಾದಾಗ, ರೋಗಿಯ ತೋಳಿನಿಂದ ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಪಡೆದ ಫೈಬ್ರಿನ್ ಪೊರೆಯನ್ನು ಇಡುವುದುಂಟು. ಅದು ಬೆಳವಣಿಗೆಯ ಅಂಶಗಳನ್ನು ಹಲವು ದಿನ ನಿಧಾನವಾಗಿ ಬಿಡುತ್ತದೆ. ಕೊಲಾಜನ್, ಕೈಟೋಸಾನ್ ಮುಂತಾದ ವಸ್ತುಗಳೂ ಬಳಕೆ ಹಾಗೂ ಸಂಶೋಧನೆಯಲ್ಲಿವೆ. ಕೊಲಾಜನ್ ಸಾಮಾನ್ಯವಾಗಿ ಪ್ರಾಣಿಜನ್ಯ, ಕೈಟೋಸಾನ್ ಹೆಚ್ಚಾಗಿ ಸಿಗಡಿ-ಏಡಿಗಳ ಚಿಪ್ಪಿನಿಂದ ಬಂದದ್ದು. ಸಸ್ಯಾಹಾರಿ ಕುಟುಂಬದವರು ಈ ವಿಷಯವನ್ನು ವೈದ್ಯರಲ್ಲಿ ಮುಂಚೆಯೇ ವಿಚಾರಿಸುವುದು ಒಳಿತು. ಸ್ವಂತ ರಕ್ತದ ಹಂದರಕ್ಕೆ ಈ ಸಂಕೋಚವಿಲ್ಲ.

ಒಂದು ಎಚ್ಚರಿಕೆ: ಹೀಗೆ ಬೆಳೆಯುವ ಅಂಗಾಂಶವು ಅನೇಕ ವೇಳೆ ನಿಜವಾದ ತಿರುಳಾಗಿರದೆ ಎಲುಬಿನಂಥದ್ದಾಗಿರುತ್ತದೆ. ಬೇರು ಪ್ರತಿಯೊಬ್ಬರಲ್ಲಿಯೂ ಬೆಳೆಯುತ್ತದೆಂಬ ಭರವಸೆಯಿಲ್ಲ. ವರ್ಷಗಟ್ಟಲೆ ತಪಾಸಣೆ ಅಗತ್ಯ. ಬೇರು ಪೂರ್ಣಗೊಂಡ ವಯಸ್ಕರಿಗೆ ವಾಡಿಕೆಯ ರೂಟ್ ಕೆನಾಲ್ ಚಿಕಿತ್ಸೆಯೇ ಇಂದಿಗೂ ರೂಢಿ.

ಆದುದರಿಂದ ಮಗುವಿನ ಹಲ್ಲಿಗೆ ಪೆಟ್ಟಾದರೆ, ನೋವಿಲ್ಲದಿದ್ದರೂ ತಡಮಾಡದೆ ದಂತವೈದ್ಯರಿಗೆ ತೋರಿಸಿ ಎಕ್ಸ್‌ರೇ ಮಾಡಿಸಿರಿ. ಬಣ್ಣ ಬದಲಾಗುವವರೆಗೆ ಕಾಯಬೇಡಿರಿ.